ಬೀಗ ಹಾಕಲು ಮರೆತ ಪೆಟ್ಟಿಗೆ

1992ರ ಜನವರಿ 1ರಂದು ಅಟಾರಿ ಕಂಪನಿ ತನ್ನ 2600 ಅನ್ನೋ ವಿಡಿಯೋ ಗೇಮ್ ಕನ್ಸೋಲಿಗೆ ಎಳ್ಳುನೀರು ಬಿಟ್ಟಿತು. 1977ರಿಂದ ಮಾರಾಟದಲ್ಲಿದ್ದ, ಹೆಚ್ಚೂಕಡಿಮೆ 3 ಕೋಟಿ ಮಾರಾಟವಾದ ಪೆಟ್ಟಿಗೆ ಅದು. ಇನ್ನು ಅದಕ್ಕೆ ಹೊಸ ಆಟ ಬರೋದಿಲ್ಲ, ಕತೆ ಮುಗೀತು ಅಂತ ಎಲ್ಲರೂ ಅಂದುಕೊಂಡರು. ಮೂರು ವರ್ಷ ಕಳೆದ ಮೇಲೆ, 1995ರಲ್ಲಿ, ಒಂದು ಹೊಸ ಆಟ ಬಂತು. ಮೇಲಿಂದ ಇಟ್ಟಿಗೆಗಳು ಬೀಳುವ, ನಾವು ಅದನ್ನು ತಿರುಗಿಸಿ ಜೋಡಿಸುವ ಆಟ. ಹೆಸರು ‘ಎಡ್‌ಟ್ರಿಸ್ 2600’. ಬರೆದವರು ಎಡ್ ಫೆಡರ್‌ಮೇಯರ್. ಅವರ ಹಿಂದೆ ಕಂಪನಿ ಇರಲಿಲ್ಲ, ಕಾರ್ಖಾನೆ ಇರಲಿಲ್ಲ, ಅಟಾರಿಯ ಅನುಮತಿಪತ್ರವೂ ಇರಲಿಲ್ಲ. ಈ ಕನ್ಸೋಲಿಗೆ ಮನೆಯಲ್ಲೇ ತಯಾರಾದ ಮೊದಲ ಪೂರ್ಣ ಪ್ರಮಾಣದ ಆಟ ಅಂತ ಇವತ್ತು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯೋದು ಇದನ್ನೇ.

ಅಲ್ಲಿಂದ ಈಚೆಗೆ ಇಂಥ ನೂರಾರು ಆಟ ಬಂದಿವೆ. ಇಂಗ್ಲಿಷ್‌ನಲ್ಲಿ ಇದಕ್ಕೆ ‘ಹೋಮ್‌ಬ್ರೂ’ ಅಂತಾರೆ. ಈ ಹವ್ಯಾಸದ ಬಗ್ಗೆ ಬರೆಯೋರೆಲ್ಲ ಸಾಮಾನ್ಯವಾಗಿ ಬಾಲ್ಯ, ನೆನಪು, ಹಳೇ ಟೀವಿ ಅಂತ ಶುರು ಮಾಡ್ತಾರೆ. ನನಗೆ ಕುತೂಹಲ ಇರೋದು ಬೇರೆ ಕಡೆ. ಕಂಪನಿ ಕೈಬಿಟ್ಟ ಯಂತ್ರಕ್ಕೆ ಹೊರಗಿನವನೊಬ್ಬ ಹೊಸ ಪ್ರೋಗ್ರಾಂ ತೂರಿಸೋದು ಹೇಗೆ ಸಾಧ್ಯವಾಯ್ತು? ನಿಮ್ಮ ಕೈಯಲ್ಲಿರೋ ಫೋನಿನ ಕಂಪನಿ ನಾಳೆ ಮುಚ್ಚಿಹೋದರೆ ಅದಕ್ಕೆ ನೀವೇ ಒಂದು ಆ್ಯಪ್ ಬರೆದು ಹಾಕ್ಕೋಬಹುದಾ? ಸ್ವಲ್ಪ ಯೋಚಿಸಿ ಉತ್ತರ ಹೇಳಿ. 2600ರ ಮಟ್ಟಿಗೆ ಉತ್ತರ ಸರಳ: ಆ ಪೆಟ್ಟಿಗೆಗೆ ಬೀಗವೇ ಇರಲಿಲ್ಲ. ಉದಾರ ಮನಸ್ಸಿನಿಂದ ಹಾಗೆ ಬಿಟ್ಟದ್ದಲ್ಲ. ಬೀಗ ಬೇಕಾಗುತ್ತೆ ಅಂತ ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಯಾಕೆ ಹೊಳೆಯಲಿಲ್ಲ ಅನ್ನೋಕೆ ಆ ಕಾಲಕ್ಕೆ ಹೋಗಬೇಕು. ಅದಕ್ಕಿಂತ ಹಿಂದಿನ ಮನೆ ಯಂತ್ರಗಳಲ್ಲಿ ಆಟ ಸರ್ಕ್ಯೂಟಿನಲ್ಲೇ ಅಚ್ಚಾಗಿರುತ್ತಿತ್ತು. ಒಂದು ಯಂತ್ರ, ಒಂದೋ ಎರಡೋ ಆಟ. ಬೇಜಾರಾದರೆ ಅಟ್ಟಕ್ಕೆ. 1976ರ ನವೆಂಬರಿನಲ್ಲಿ ಫೇರ್‌ಚೈಲ್ಡ್ ಕಂಪನಿ ‘ಚಾನೆಲ್ ಎಫ್’ ಅನ್ನೋ ಕನ್ಸೋಲ್ ತಂದಿತು. ಅದರ ತಂಡ ಮುನ್ನಡೆಸಿದ್ದು ಜೆರ್ರಿ ಲಾಸನ್, ಸಿಲಿಕಾನ್ ವ್ಯಾಲಿಯಲ್ಲಿ ಆಗ ಬೆರಳೆಣಿಕೆಯಷ್ಟಿದ್ದ ಕಪ್ಪು ಇಂಜಿನಿಯರುಗಳಲ್ಲಿ ಒಬ್ಬರು. ಆಟವನ್ನು ಬೇರೆ ಚಿಪ್ಪಿನಲ್ಲಿಟ್ಟು, ಆ ಚಿಪ್ಪನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮಕ್ಕಳು ಸಾವಿರ ಸಲ ತುರುಕಿ ಕಿತ್ತರೂ ಹಾಳಾಗದ ಹಾಗೆ ಮಾಡೋದು ಅವತ್ತಿನ ದೊಡ್ಡ ತಲೆನೋವಾಗಿತ್ತು. ಇದರೊಳಗೆ ಬೇರೆಯವರು ಏನಾದ್ರೂ ತುರುಕಿಬಿಟ್ಟರೆ ಅನ್ನೋ ಪ್ರಶ್ನೆಗೆ ಪುರುಸೊತ್ತೇ ಇರಲಿಲ್ಲ. ಪ್ರೋಗ್ರಾಂ ಬರೆಯಬಲ್ಲ ಜನ ಕಂಪನಿಯೊಳಗೇ ಇದ್ದರು. ಹೊರಗೆ ಯಾರಿದ್ದಾರೆ?

ಮುಂದಿನ ವರ್ಷ ಅಟಾರಿ ಬಂತು. ಅದರೊಳಗಿನ 6507 ಪ್ರೊಸೆಸರ್ 6502ರ ಅಗ್ಗದ ತಮ್ಮ. 6502 ಅನ್ನೋದು 1975ರಲ್ಲಿ ಬರೀ 25 ಡಾಲರಿಗೆ ಸಿಕ್ಕು ಇಡೀ ಉದ್ಯಮಕ್ಕೆ ಆಶ್ಚರ್ಯ ಹುಟ್ಟಿಸಿದ್ದ ಚಿಪ್. ಅದಕ್ಕೆ 40 ಕಾಲುಗಳಿದ್ದರೆ ಇದಕ್ಕೆ 28 ಮಾತ್ರ. ಕಾಸು ಉಳಿಸೋ ಈ ಚಾಳಿ ಕಾರ್ಟ್ರಿಡ್ಜ್ ಕೂರುವ ಜಾಗಕ್ಕೂ ಬಂತು. ಅಲ್ಲಿರೋದು 24 ಸಂಪರ್ಕ. 13 ವಿಳಾಸದ ತಂತಿ, 8 ಮಾಹಿತಿಯ ತಂತಿ, ಒಂದು 5 ವೋಲ್ಟು, ಎರಡು ಗ್ರೌಂಡ್. ಕೂಡಿಸಿ ನೋಡಿ, ಲೆಕ್ಕ ಚುಕ್ತಾ. ಬೀಗಕ್ಕೆ ಜಾಗ ಹಾಗಿರಲಿ, ‘ಈಗ ಓದ್ತಾ ಇದೀನಿ, ಈಗ ಬರೀತಾ ಇದೀನಿ’ ಅಂತ ಕಾರ್ಟ್ರಿಡ್ಜಿಗೆ ಹೇಳೋ ತಂತಿ ಕೂಡ ಇಲ್ಲ.

ಹೊರಗಿನವರು ಯಾರೂ ಇಲ್ಲ ಅನ್ನೋ ನಂಬಿಕೆ ಎರಡೇ ವರ್ಷದಲ್ಲಿ ಮುರಿದುಬಿತ್ತು. ಮುರಿದವರು ಒಳಗಿನವರೇ. ಅಟಾರಿ ತನ್ನ ಆಟಗಳ ಮೇಲೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಅನ್ನೋರು ಸಿಟ್ಟಿಗೆದ್ದು ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ ಅಲ್ಲಿ ತಮ್ಮ ಹೆಸರು ಬರೆದಿಟ್ಟು ಕೆಲಸ ಬಿಟ್ಟರು. ಇನ್ನು ನಾಲ್ಕು ಜನ, ಅಂದರೆ ಡೇವಿಡ್ ಕ್ರೇನ್, ಲ್ಯಾರಿ ಕಪ್ಲಾನ್, ಅಲನ್ ಮಿಲ್ಲರ್ ಮತ್ತು ಬಾಬ್ ವೈಟ್‌ಹೆಡ್, ಯಾವ ಆಟ ಎಷ್ಟು ದುಡಿದಿದೆ ಅನ್ನೋ ಲೆಕ್ಕದ ಹಾಳೆ ನೋಡಿದರು. ಹೆಚ್ಚಿನ ದುಡ್ಡು ತಮ್ಮ ನಾಲ್ವರ ಆಟಗಳಿಂದಲೇ ಬಂದಿದೆ, ತಮಗೆ ಬರ್ತಿರೋದು ಮಾತ್ರ ಮಾಮೂಲಿ ಸಂಬಳ. ಅಪ್ರೈಸಲ್ ಮುಗಿಸಿ ಬಂದವರಿಗೆ ಈ ಹೊಟ್ಟೆಯುರಿ ಬಿಡಿಸಿ ಹೇಳಬೇಕಿಲ್ಲ. 1979ರಲ್ಲಿ ಹೊರಬಿದ್ದು ಆಕ್ಟಿವಿಷನ್ ಕಟ್ಟಿದರು. ಡಬ್ಬಿಯ ಮೇಲೆ ಆಟ ಬರೆದವರ ಹೆಸರು ಹಾಕಿದರು. ಅಟಾರಿ ಕೋರ್ಟಿಗೆ ಹೋಯ್ತು. 1982ರಲ್ಲಿ ರಾಜಿಯಾಗಿ, ಆಕ್ಟಿವಿಷನ್ ಒಂದಿಷ್ಟು ರಾಯಧನ ಕೊಡೋದು, ಆಟ ಮಾರೋದನ್ನು ಮುಂದುವರಿಸೋದು ಅಂತ ತೀರ್ಮಾನವಾಯ್ತು. ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಆಟ ಮಾಡಬಹುದು ಅನ್ನೋದು ಅಲ್ಲಿಂದ ರೂಢಿಗೆ ಬಂತು.

ಬಾಗಿಲು ತೆರೆದಿದ್ದರೆ ಒಳ್ಳೆಯವರೇ ಬರಬೇಕು ಅಂತೇನಿಲ್ಲವಲ್ಲ. 1982-83ರಲ್ಲಿ ಎಲ್ಲರೂ ನುಗ್ಗಿದರು. ನಾಯಿ ಆಹಾರದ ಕಂಪನಿಯ ಜಾಹೀರಾತಿಗೊಂದು ಆಟ, ಜಾನ್ಸನ್ ಅಂಡ್ ಜಾನ್ಸನ್‌ನವರು ಹಲ್ಲು ಉಜ್ಜಿಸೋಕೆ ಒಂದು ಆಟ. ಮಿಸ್ಟೀಕ್ ಅನ್ನೋ ಕಂಪನಿ ‘ಕಸ್ಟರ್ಸ್ ರಿವೆಂಜ್’ ಅಂತ ಒಂದನ್ನು ತಂದಿತು. ಅಮೆರಿಕದ ಮೂಲನಿವಾಸಿ ಹೆಣ್ಣುಮಗಳೊಬ್ಬಳ ಮೇಲಿನ ಅತ್ಯಾಚಾರವನ್ನೇ ಆಟ ಮಾಡಿದ್ದ ಹೊಲಸು ಅದು. ಮಹಿಳಾ ಸಂಘಟನೆಗಳು, ಮೂಲನಿವಾಸಿ ಸಂಘಟನೆಗಳು ಬೀದಿಗಿಳಿದವು. ಅಟಾರಿಯೂ ಕೇಸು ಹಾಕಿತು, ಯಾಕಂದ್ರೆ ಜನ ಬೈತಾ ಇದ್ದದ್ದು ಅಟಾರಿಯನ್ನು. ಆದರೆ ಆ ಕಾರ್ಟ್ರಿಡ್ಜ್ ಓಡದ ಹಾಗೆ ತಡೆಯೋ ಉಪಾಯ ಯಂತ್ರದಲ್ಲಿ ಇರಲಿಲ್ಲ. ಬೀಗ ಇರಬಾರದು ಅಂತ ವಾದಿಸುವ ನನ್ನಂಥವರು ಈ ಆಟದ ಹೆಸರನ್ನು ಹಾರಿಸಿ ಮುಂದೆ ಹೋಗಬಾರದು. ತೆರೆದ ಬಾಗಿಲಿಗೆ ಇಂಥದ್ದೊಂದು ಬೆಲೆ ಇತ್ತು.

1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆಯೇ ಕುಸಿಯಿತು. ಮಾರಾಟವಾಗದ ಕಾರ್ಟ್ರಿಡ್ಜುಗಳನ್ನು ಅಟಾರಿ ನ್ಯೂ ಮೆಕ್ಸಿಕೋದ ಅಲಮಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತದ್ದು, 2014ರಲ್ಲಿ ಅದನ್ನು ಅಗೆದು ತೆಗೆದದ್ದು ನೀವು ಕೇಳಿರೋ ಕತೆಯೇ. ಆ ಕುಸಿತಕ್ಕೆ ಅಟಾರಿಯ ಸ್ವಂತ ದುರಾಸೆ ದೊಡ್ಡ ಕಾರಣ. ಆದರೆ ಉದ್ಯಮ ಕಲಿತ ಪಾಠ ಬೇರೆ: ಯಾರು ಬೇಕಾದ್ರೂ ಕಾರ್ಟ್ರಿಡ್ಜ್ ಮಾಡೋಕೆ ಬಿಟ್ಟದ್ದೇ ತಪ್ಪು.

ಈ ಪಾಠವನ್ನು ಚೆನ್ನಾಗಿ ಒಪ್ಪಿಸಿದ್ದು ನಿಂಟೆಂಡೋ. 1983ರಲ್ಲಿ ಜಪಾನಿನಲ್ಲಿ ಬಂದ ಅವರ ಫ್ಯಾಮಿಕಾಂ ಯಂತ್ರಕ್ಕೂ ಬೀಗ ಇರಲಿಲ್ಲ. 1985ರಲ್ಲಿ ಅದೇ ಯಂತ್ರ ಎನ್‌ಇಎಸ್ ಆಗಿ ಅಮೆರಿಕಕ್ಕೆ ಹೋಗುವಾಗ ಒಳಗೊಂದು ಪುಟ್ಟ ಚಿಪ್ ಸೇರಿಕೊಂಡಿತು. ಯಂತ್ರದಲ್ಲೊಂದು, ಪ್ರತಿ ಕಾರ್ಟ್ರಿಡ್ಜಿನಲ್ಲೊಂದು ಜೋಡಿ. ಎರಡೂ ಒಂದೇ ಲೆಕ್ಕವನ್ನು ಒಂದೇ ತಾಳದಲ್ಲಿ ಮಾಡ್ತಾ ಹೋಗಬೇಕು. ತಾಳ ತಪ್ಪಿದರೆ ಯಂತ್ರ ಸೆಕೆಂಡಿಗೊಮ್ಮೆ ರೀಸೆಟ್ ಆಗ್ತಾ ಕೂರುತ್ತೆ. ಕಾರ್ಟ್ರಿಡ್ಜ್ ತಯಾರಿಕೆ ನಿಂಟೆಂಡೋ ಕೈಯಲ್ಲೇ, ವರ್ಷಕ್ಕೆ ಒಂದು ಕಂಪನಿಗೆ ಐದು ಆಟ ಅನ್ನೋ ಮಿತಿಯೂ ಅವರದ್ದೇ. ಗುಣಮಟ್ಟಕ್ಕಾಗಿ ಅಂತ ಹೇಳಿದರು. ಅವರ ಸ್ವಂತ ಆಟಗಳು ನಿಜಕ್ಕೂ ಚೆನ್ನಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಗಕ್ಕೆ ಒಳ್ಳೆ ಆಟ ಕೆಟ್ಟ ಆಟ ಅನ್ನೋ ಭೇದ ಗೊತ್ತಿರಲಿಲ್ಲ. ಕಪ್ಪ ಕೊಟ್ಟವರು, ಕೊಡದವರು ಅನ್ನೋದಷ್ಟೇ ಗೊತ್ತಿತ್ತು.

(ನಮ್ಮೂರುಗಳಲ್ಲಿ 90ರ ದಶಕದಲ್ಲಿ ‘ಟೀವಿ ಗೇಮ್’ ಅಂತ ಸಿಗ್ತಿದ್ದ ಡಬ್ಬಿಗಳು ಹೆಚ್ಚಿನವು ಆ ಬೀಗವಿಲ್ಲದ ಜಪಾನೀ ಫ್ಯಾಮಿಕಾಂನ ನಕಲು. ಅದಕ್ಕೇ ಆ ಹಳದಿ ಕ್ಯಾಸೆಟ್ಟುಗಳು ಸಲೀಸಾಗಿ ಓಡುತ್ತಿದ್ದವು. ಲೇಬಲ್ ಮೇಲೆ ಲಕ್ಷಾಂತರ ಆಟ, ಒಳಗೆ ತಿರುಗಿ ತಿರುಗಿ ಅದೇ ಹತ್ತಿಪ್ಪತ್ತು. ನಾವು ಅದನ್ನು ಕ್ಯಾಸೆಟ್ ಅಂತಲೇ ಕರೀತಿದ್ವಿ, ಕಾರ್ಟ್ರಿಡ್ಜ್ ಅನ್ನೋ ಪದ ಕೇಳಿದ್ದು ಪ್ರಿಂಟರ್ ಬಂದ ಮೇಲೆ.)

ಈಗ ಮನೆಯಲ್ಲಿ ಕೂತು ಮಾಡೋರ ಹತ್ತಿರ ಹೋಗೋಣ. 90ರ ದಶಕದ ನಡುವೆ 2600ಕ್ಕೆ ಆಟ ಮಾಡಬೇಕು ಅಂದುಕೊಂಡವನ ಮುಂದೆ ಎರಡು ಗುಡ್ಡ ಇದ್ದವು. ಒಂದು ಬರೆಯೋದು, ಇನ್ನೊಂದು ಬರೆದದ್ದನ್ನು ಡಬ್ಬಿಗೆ ತುಂಬೋದು.

ಬರೆಯೋದು ಎಷ್ಟು ಕಷ್ಟ ಅಂದರೆ, ಯಂತ್ರದ ಮೆಮೊರಿ 128 ಬೈಟ್. ಯೂನಿಕೋಡ್ ಕನ್ನಡದಲ್ಲಿ ಒಂದು ಅಕ್ಷರ, ಒಂದು ಕೊಂಬು, ಒಂದು ದೀರ್ಘ, ಪ್ರತಿಯೊಂದೂ ಮೂರು ಮೂರು ಬೈಟ್ ತಿನ್ನುತ್ತೆ. ಹಾಗಾಗಿ 128 ಬೈಟಿನಲ್ಲಿ ಒಂದು ಸಣ್ಣ ವಾಕ್ಯ ಹಿಡಿಸಿದರೆ ಪುಣ್ಯ. ಸಾಮಾನ್ಯ ಕಾರ್ಟ್ರಿಡ್ಜಿನ ಗಾತ್ರ 4096 ಬೈಟ್. ನೀವು ಓದ್ತಿರೋ ಈ ಲೇಖನ ತುಂಬೋಕೆ ಅಂಥ ಹತ್ತು ಕಾರ್ಟ್ರಿಡ್ಜಾದರೂ ಬೇಕು. ಆಟದ ಚಿತ್ರ, ಸದ್ದು, ನಿಯಮ, ಅಂಕ, ಎಲ್ಲಾ ಆ 4096ರಲ್ಲೇ ಮುಗೀಬೇಕು.

ಅದಕ್ಕಿಂತ ದೊಡ್ಡ ಪೇಚು ಪರದೆ. ಈಗಿನ ಕಂಪ್ಯೂಟರು ಇಡೀ ಚಿತ್ರವನ್ನು ಮೆಮೊರಿಯಲ್ಲಿ ಬಿಡಿಸಿಟ್ಟು ಆಮೇಲೆ ತೋರಿಸುತ್ತೆ. 128 ಬೈಟಿನಲ್ಲಿ ಎಲ್ಲಿ ಬಿಡಿಸ್ತೀರಿ? ಹಾಗಾಗಿ ಟೀವಿ ಒಂದೊಂದು ಗೆರೆ ಎಳೆಯುವಾಗಲೂ, ಈ ಗೆರೆಯಲ್ಲಿ ಏನಿರಬೇಕು ಅಂತ ಪ್ರೋಗ್ರಾಂ ಆಯಾ ಕ್ಷಣಕ್ಕೆ ಹೇಳ್ತಾ ಹೋಗಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಉಣ್ಣೋರು ಸಾರಿಗೆ ಕೈ ಹಾಕೋ ಹೊತ್ತಿಗೆ ಸಾರು ಎಲೆ ಮೇಲಿರಬೇಕಲ್ಲ, ಹಾಗೆ. ಒಂದು ಗೆರೆಗೆ ಪ್ರೊಸೆಸರಿಗೆ ಸಿಗೋದು 76 ಬಡಿತ. ಒಂದು ಆಜ್ಞೆಗೆ ಕನಿಷ್ಠ ಎರಡು ಬಡಿತ ಬೇಕು, ಎಷ್ಟೋ ಸಲ ನಾಲ್ಕೈದು. ಅಲ್ಲಿಗೆ ಗೆರೆಗೆ ಇಪ್ಪತ್ತು ಚಿಲ್ಲರೆ ಆಜ್ಞೆ. ತಡವಾದರೆ ಚಿತ್ರ ಒಡೆದು ಹರಿದಾಡುತ್ತೆ. 1979ರಲ್ಲಿ ಸ್ಟೀವ್ ರೈಟ್ ಅಟಾರಿಯ ಒಳಗಿನವರಿಗಾಗಿ ‘ಸ್ಟೆಲ್ಲಾ ಪ್ರೋಗ್ರಾಮರ್ಸ್ ಗೈಡ್’ ಅಂತ ಒಂದು ಕೈಪಿಡಿ ಬರೆದಿದ್ದರು. ಸ್ಟೆಲ್ಲಾ ಅನ್ನೋದು ಯಂತ್ರದ ಗುಪ್ತನಾಮ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜೋ ಡೆಕ್ಯುಯಿರ್ ಅವರ ಸೈಕಲ್ಲಿನ ಹೆಸರಂತೆ ಅದು. 90ರ ದಶಕದಲ್ಲಿ ಈ ಕೈಪಿಡಿ ಹವ್ಯಾಸಿಗಳ ನಡುವೆ ಕೈಯಿಂದ ಕೈಗೆ ಹರಿದಾಡಿತು. ಒಬ್ಬರು ಕಂಡುಹಿಡಿದ ಉಪಾಯವನ್ನು ಇನ್ನೊಬ್ಬರಿಗೆ ತಿಳಿಸುವ, ತಪ್ಪಾದರೆ ಎಲ್ಲರೂ ಸೇರಿ ಬಡಿತ ಎಣಿಸುವ ಒಂದು ಬಳಗವೇ ಬೆಳೆಯಿತು.

ಇನ್ನು ತುಂಬೋದು. ಕಾರ್ಖಾನೆಯ ಕಾರ್ಟ್ರಿಡ್ಜಿನಲ್ಲಿರೋ ಚಿಪ್ಪಿನಲ್ಲಿ ಪ್ರೋಗ್ರಾಂ ತಯಾರಿಕೆಯ ಹೊತ್ತಿಗೇ ಅಚ್ಚಾಗಿರುತ್ತೆ, ಅಳಿಸೋಕೆ ಆಗಲ್ಲ. ಸಾವಿರಗಟ್ಟಲೆ ಮಾಡಿಸಿದರೆ ಮಾತ್ರ ಗಿಟ್ಟೋ ಬಾಬತ್ತು. ಮನೆಯಲ್ಲಿ ಮಾಡೋನಿಗೆ ದಾರಿ ಇಪ್ರಾಂ ಚಿಪ್. 1971ರಲ್ಲಿ ಇಂಟೆಲ್‌ನಲ್ಲಿ ಡೋವ್ ಫ್ರೋಮನ್ ಕಂಡುಹಿಡಿದದ್ದು. ಬೆನ್ನ ಮೇಲೆ ಸ್ಫಟಿಕದ ಪುಟ್ಟ ಕಿಟಕಿ ಇರುವ, ನೋಡೋಕೆ ಚೆಂದದ ವಸ್ತು. ಬರೆಯೋಕೆ ಒಂದು ಪ್ರೋಗ್ರಾಮರ್ ಯಂತ್ರ ಬೇಕು. ಬೇಡ ಅನಿಸಿದರೆ ಕಿಟಕಿಯ ಮೂಲಕ ಅಲ್ಟ್ರಾವಯಲೆಟ್ ಬೆಳಕು ಇಪ್ಪತ್ತು ನಿಮಿಷ ಬಿಟ್ಟರೆ ಸ್ಲೇಟು ಖಾಲಿ. ನೇರ ಬಿಸಿಲಿನಲ್ಲಿ ಇಟ್ಟರೂ ಒಂದು ವಾರಕ್ಕೆ ಅಳಿದುಹೋಗುತ್ತೆ ಅಂತ ಚಿಪ್ ಮಾಡೋರೇ ಎಚ್ಚರಿಸಿದ್ದರು. ಅದಕ್ಕೇ ಬರೆದ ಕೂಡಲೇ ಕಿಟಕಿಗೊಂದು ಸ್ಟಿಕ್ಕರ್ ಅಂಟಿಸಬೇಕು.

ಡಬ್ಬಿ ಎಲ್ಲಿಂದ? ಹಳೇ ಕಾರ್ಟ್ರಿಡ್ಜ್ ಬಲಿ ಕೊಡೋದು. ಹೆಚ್ಚಾಗಿ ಬಲಿಯಾಗಿದ್ದು ‘ಕಾಂಬ್ಯಾಟ್’. ಶುರುವಿನ ವರ್ಷಗಳಲ್ಲಿ ಯಂತ್ರದ ಜೊತೆ ಪುಕ್ಕಟೆ ಕೊಟ್ಟಿದ್ದ ಆಟವಾದ್ದರಿಂದ ಹಳೇ ಸಾಮಾನಿನ ಅಂಗಡಿಯಲ್ಲಿ ಅದು ರಾಶಿ ರಾಶಿ. ಲೇಬಲ್ಲಿನ ಅಡಿಯಲ್ಲಿ ಒಂದು ಸ್ಕ್ರೂ ಅಡಗಿರುತ್ತೆ. ಬಿಚ್ಚಿದರೆ ಒಳಗೆ ಬೆರಳುದ್ದದ ಬೋರ್ಡು, ಅದರ ಮೇಲೆ 24 ಕಾಲಿನ ಒಂದೇ ಚಿಪ್. ಬೆಸುಗೆ ಕರಗಿಸಿ ಅದನ್ನು ಕಿತ್ತು, ಆ ಜಾಗಕ್ಕೆ ನಿಮ್ಮ ಇಪ್ರಾಂ ಕೂರಿಸಿ. 2732 ಅನ್ನೋ ಇಪ್ರಾಂಗೂ ಸರಿಯಾಗಿ 24 ಕಾಲು, ಸರಿಯಾಗಿ 4096 ಬೈಟ್. ಹೇಳಿ ಮಾಡಿಸಿದ ಹಾಗಿದೆ.

ಕೂರಿಸಿ ಸ್ವಿಚ್ ಹಾಕಿದರೆ ಆಟ ಬರಲ್ಲ.

ಕಾರಣ ಒಂದು ತಂತಿ. ಪ್ರೊಸೆಸರು ಕಾರ್ಟ್ರಿಡ್ಜನ್ನು ಮಾತಾಡಿಸಬೇಕಾದಾಗ ಕೊನೆಯ ವಿಳಾಸದ ತಂತಿಯನ್ನು ಮೇಲೆತ್ತುತ್ತೆ, ಅಂದರೆ ಅದಕ್ಕೆ 1 ಕೊಡುತ್ತೆ. ಕಾರ್ಖಾನೆಯ ಚಿಪ್ಪಿಗೆ ಇದು ಅರ್ಥವಾಗುತ್ತೆ, ಯಾಕಂದ್ರೆ ‘1 ಬಂದರೆ ಎದ್ದೇಳು’ ಅಂತ ಅಚ್ಚು ಹಾಕುವಾಗಲೇ ಹೇಳಿ ಮಾಡಿಸಬಹುದಿತ್ತು. ಅಂಗಡಿಯ ಇಪ್ರಾಂ ಇದಕ್ಕೆ ಉಲ್ಟಾ. ಅದಕ್ಕೆ 0 ಬಂದರೆ ಎಚ್ಚರ, 1 ಬಂದರೆ ನಿದ್ದೆ. ಹಾಗಾಗಿ ನಡುವೆ ಒಂದು ಇನ್ವರ್ಟರ್ ಬೇಕು. ಕರೆಂಟ್ ಹೋದಾಗ ಕೆಲಸ ಮಾಡೋ ಇನ್ವರ್ಟರ್ ಅಲ್ಲ ಮಾರಾಯ್ರೇ, 1 ಅನ್ನು 0 ಮಾಡೋ 7404. ಇಂಜಿನಿಯರಿಂಗ್ ಓದಿದವರು ಲಾಜಿಕ್ ಡಿಸೈನ್ ಲ್ಯಾಬಿನಲ್ಲಿ ಟ್ರೈನರ್ ಕಿಟ್ ಮೇಲೆ ಇದನ್ನು ಚುಚ್ಚಿ, ಎಲ್‌ಇಡಿ ಹೊತ್ತದೆ ಪರದಾಡಿದ್ದು ನೆನಪಿರಬಹುದು. ಆ ಚಿಪ್ಪಿನಲ್ಲಿ ಆರು ಇನ್ವರ್ಟರ್ ಇರುತ್ತವೆ, ಇಲ್ಲಿ ಬೇಕಾಗೋದು ಒಂದೇ. ಬೋರ್ಡಿನಲ್ಲಿ ಜಾಗ ಇಲ್ಲ ಅಂತ ಅದನ್ನು ಸತ್ತ ಜಿರಳೆ ಹಾಗೆ ಅಂಗಾತ ಮಲಗಿಸಿ, ಕಾಲುಗಳಿಗೆ ಕೂದಲೆಳೆಯಂಥ ತಂತಿ ಬೆಸೆಯುತ್ತಿದ್ದರು. 2600ಕ್ಕೆ ಬೀಗ ಅಂತ ಏನಾದ್ರೂ ಇದ್ದಿದ್ದರೆ ಅದು ಇಷ್ಟೇ. ಅದೂ ಯಾರೂ ಬೇಕು ಅಂತ ಇಟ್ಟದ್ದಲ್ಲ. ಕೀಲಿ ನಮ್ಮ ಎಸ್.ಪಿ. ರೋಡಿನಲ್ಲೂ ಸಿಗುತ್ತೆ.

ಇದನ್ನು ನಿಂಟೆಂಡೋ ಬೀಗದ ಪಕ್ಕ ಇಟ್ಟು ನೋಡಿ. ಅದನ್ನು ದಾಟೋಕೆ ಟೆಂಗೆನ್ ಕಂಪನಿ, ಅಂದರೆ ಅಟಾರಿ ಗೇಮ್ಸ್, ಅಮೆರಿಕದ ಕಾಪಿರೈಟ್ ಕಚೇರಿಗೆ ಸುಳ್ಳು ಹೇಳಿ ಬೀಗದ ಪ್ರೋಗ್ರಾಮಿನ ಪ್ರತಿ ಪಡೆದುಕೊಂಡಿತು. 1992ರಲ್ಲಿ ಕೋರ್ಟಿನಲ್ಲಿ ಪೆಟ್ಟು ತಿಂದಿತು. ಕಲರ್ ಡ್ರೀಮ್ಸ್ ಅನ್ನೋ ಇನ್ನೊಂದು ಕಂಪನಿ ವೋಲ್ಟೇಜಿನ ಒಂದು ಏಟು ಕೊಟ್ಟು ಬೀಗದ ಚಿಪ್ಪಿಗೆ ಪ್ರಜ್ಞೆ ತಪ್ಪಿಸೋ ಉಪಾಯ ಮಾಡಿತು. ಮುಂದೆ ಅದೇ ಜನ ವಿಸ್ಡಂ ಟ್ರೀ ಹೆಸರಿನಲ್ಲಿ ಬೈಬಲ್ ಆಟಗಳನ್ನು ಮಾರಿದರು. ಹವ್ಯಾಸಿಗಳು ಯಂತ್ರ ಬಿಚ್ಚಿ ಬೀಗದ ಚಿಪ್ಪಿನ ನಾಲ್ಕನೇ ಕಾಲು ಕತ್ತರಿಸಿದರು. ಕೆಲಸ ಆಗುತ್ತೆ, ಆದರೆ ಅದು ನಿಮ್ಮ ಯಂತ್ರದಲ್ಲಿ ಮಾತ್ರ. ನಿಮ್ಮ ಆಟವನ್ನು ಪಕ್ಕದ ಮನೆಯವರಿಗೆ ಕೊಟ್ಟರೆ ಅವರ ಯಂತ್ರದ ಕಾಲನ್ನೂ ಕತ್ತರಿಸಬೇಕು.

ಅದೇ 1992ರಲ್ಲಿ ಇನ್ನೊಂದು ತೀರ್ಪು ಬಂತು, ಸೆಗಾ ವಿರುದ್ಧ ಆಕೋಲೇಡ್. ಆಕೋಲೇಡ್ ಸೆಗಾದ ಯಂತ್ರ ಮತ್ತು ಮೂರು ಆಟ ಕೊಂಡು ತಂದು, ಕೋಡ್ ಬಿಡಿಸಿ ನೋಡಿ, ಒಳಗೆ ಬಿಡಲು ಯಂತ್ರ ಏನು ಕೇಳುತ್ತೆ ಅಂತ ಕಂಡುಕೊಂಡಿತು. ಅದು ಕೇಳ್ತಿದ್ದದ್ದು ಒಂದು ನಿಗದಿತ ಜಾಗದಲ್ಲಿ ‘ಸೆಗಾ’ ಅನ್ನೋ ನಾಲ್ಕು ಇಂಗ್ಲಿಷ್ ಅಕ್ಷರ. ಕೆಳಗಿನ ಕೋರ್ಟು ಆಕೋಲೇಡನ್ನು ತಡೆಯಿತು. ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿ, ಹೊಂದಾಣಿಕೆಯ ಆಟ ಮಾಡೋಕೆ ಬೇರೆ ದಾರಿ ಇಲ್ಲದಿದ್ದಾಗ ಹೀಗೆ ಬಿಚ್ಚಿ ನೋಡೋದು ನ್ಯಾಯಬದ್ಧ ಬಳಕೆ ಅಂದಿತು. ಇವತ್ತಿಗೂ ಸಾಫ್ಟ್‌ವೇರ್ ಮೊಕದ್ದಮೆಗಳಲ್ಲಿ ಈ ತೀರ್ಪಿನ ಹೆಸರು ಬರ್ತಾ ಇರುತ್ತೆ. ಆಕೋಲೇಡ್ ಕಟ್ಟಿದವರು ಯಾರು ಗೊತ್ತಾ? ಅಲನ್ ಮಿಲ್ಲರ್ ಮತ್ತು ಬಾಬ್ ವೈಟ್‌ಹೆಡ್. ಲೆಕ್ಕದ ಹಾಳೆ ನೋಡಿ ಅಟಾರಿ ಬಿಟ್ಟು ಬಂದಿದ್ದ ನಾಲ್ವರಲ್ಲಿ ಇಬ್ಬರು.

2010ರಲ್ಲಿ ಎಡ್ ಫ್ರೈಸ್ ‘ಹೇಲೋ 2600’ ಬರೆದರು. ಎಕ್ಸ್‌ಬಾಕ್ಸ್ ಶುರುವಾದಾಗ ಮೈಕ್ರೋಸಾಫ್ಟಿನ ಗೇಮ್ ವಿಭಾಗದ ಉಪಾಧ್ಯಕ್ಷರಾಗಿದ್ದವರು. ಬೀಗ ಹಾಕಿದ ಕನ್ಸೋಲಿನ ಪ್ರಸಿದ್ಧ ಆಟವನ್ನು ಬೀಗವಿಲ್ಲದ ಕನ್ಸೋಲಿನ 4096 ಬೈಟಿಗೆ ಅವರು ಇಳಿಸಿದ್ದು ನನಗೆ ತಮಾಷೆಯಾಗಿ ಕಾಣುತ್ತೆ. 2013ರಲ್ಲಿ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಈಗ ಮಾಡೋರಿಗೆ ಕಾಂಬ್ಯಾಟ್ ಬಲಿ ಕೊಡೋ ಪಾಪವೂ ಇಲ್ಲ. ಹೊಸ ಬೋರ್ಡು, ಹೊಸ ಡಬ್ಬಿ ಸಿಗುತ್ತವೆ. ಕೆಲವು ಕಾರ್ಟ್ರಿಡ್ಜುಗಳ ಒಳಗೆ ಕನ್ಸೋಲಿಗಿಂತ ಎಷ್ಟೋ ಪಟ್ಟು ವೇಗದ ಎಆರ್‌ಎಂ ಪ್ರೊಸೆಸರೇ ಕೂತಿರುತ್ತೆ. ಇದು ಮೋಸ ಅಲ್ವಾ ಅಂತ ಹಳಬರು ಗೊಣಗೋದುಂಟು. ನಾನು ಹಳಬರ ಪಕ್ಷ.

ಈಗಿನ ಅಟಾರಿ, ಅಂದರೆ ಆ ಹೆಸರನ್ನು ಕೊಂಡವರು, 2023ರ ಸೆಪ್ಟೆಂಬರಿನಲ್ಲಿ ಹೋಮ್‌ಬ್ರೂ ಕಾರ್ಟ್ರಿಡ್ಜ್ ಮಾರುತ್ತಿದ್ದ ಅಟಾರಿಏಜ್ ಅನ್ನೇ ಖರೀದಿಸಿದರು. ಅದೇ ವರ್ಷ ‘2600+’ ಅಂತ ಹೊಸ ಯಂತ್ರವನ್ನೂ ತಂದರು. ಹಳೇ ಕಾರ್ಟ್ರಿಡ್ಜ್ ಹಾಕಿದರೆ ಅದು ಮೊದಲು ಒಳಗಿನದ್ದನ್ನೆಲ್ಲ ತನ್ನ ಮೆಮೊರಿಗೆ ನಕಲು ಮಾಡ್ಕೊಂಡು, ಆಮೇಲೆ ಆ ನಕಲನ್ನು ಓಡಿಸುತ್ತೆ. 1977ರ ಕಾಂಬ್ಯಾಟ್ ಸಲೀಸಾಗಿ ನಡೆಯಿತು. ಒಳಗೆ ಸ್ವಂತ ಪ್ರೊಸೆಸರ್ ಇಟ್ಟುಕೊಂಡಿದ್ದ ಎಷ್ಟೋ ಹೋಮ್‌ಬ್ರೂ ಕಾರ್ಟ್ರಿಡ್ಜುಗಳು ಮಾತ್ರ ಎದ್ದೇಳಲಿಲ್ಲ. ಅವುಗಳ ಜೊತೆ ಆಟದುದ್ದಕ್ಕೂ ಮಾತಾಡ್ತಾ ಇರಬೇಕು, ಒಂದೇ ಸಲ ನಕಲು ಮಾಡಿಕೊಂಡರೆ ಸಾಲದು. ಹೋಮ್‌ಬ್ರೂ ಮಾಡೋರು ಈಗ ತಮ್ಮ ಆಟವನ್ನು ಎರಡೆರಡು ಕಡೆ ಪರೀಕ್ಷಿಸಬೇಕು: ಈ ಹೊಸ ಯಂತ್ರದಲ್ಲಿ ಒಂದು ಸಲ, 1977ರ ಪೆಟ್ಟಿಗೆಯಲ್ಲಿ ಇನ್ನೊಂದು ಸಲ.